ಲ್ಯಾಪ್‌ಟಾಪಿನಲ್ಲಿ ಓಡುವ ಮಳೆ ಆ್ಯಪ್ ಸರ್ವರಿನಲ್ಲಿ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಾನು ಕೃಷಿ ಹವಾಮಾನ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಭಾರತೀಯ ಹವಾಮಾನ ಇಲಾಖೆಯ ಗ್ರಿಡ್ (ನಕ್ಷೆಯನ್ನು ಚೌಕಗಳಾಗಿ ಹಂಚಿದ) ಮಳೆ ದತ್ತಾಂಶ ಬಳಸಿ, ಕರ್ನಾಟಕದ ಯಾವುದೇ ಜಾಗದ ಮಳೆ ಮತ್ತು ಬರ ಸೂಚ್ಯಂಕ ತೋರಿಸುವ ಶೈನಿ ಆ್ಯಪ್ ಒಂದನ್ನು ಆರ್ ಭಾಷೆಯಲ್ಲಿ ಬರೆದಿದ್ದೇನೆ (ಶೈನಿ ಅಂದರೆ ಆರ್ ಲೆಕ್ಕಗಳನ್ನು ವೆಬ್ ಪುಟವಾಗಿ ತೋರಿಸುವ ಸಾಧನ). ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ. ವಿಭಾಗದಲ್ಲಿ 16 ಜಿಬಿ ಮೆಮೊರಿಯ ಉಬುಂಟು ಯಂತ್ರ ಇದೆ, ಅದರಲ್ಲಿ ಶೈನಿ ಸರ್ವರ್ ಹಾಕಿದೆ. ನಾನೊಬ್ಬಳೇ ತೆರೆದರೆ ಸರಿ. ಪ್ರಾಯೋಗಿಕ ತರಗತಿಯಲ್ಲಿ 20 ವಿದ್ಯಾರ್ಥಿಗಳು ತೆರೆದಾಗ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಎಲ್ಲರ ಪರದೆಯೂ ಒಟ್ಟಿಗೆ ಬೂದು ಬಣ್ಣಕ್ಕೆ ತಿರುಗಿ ‘ಡಿಸ್ಕನೆಕ್ಟೆಡ್’ ಅಂತ ಬಂತು. ಕಂಪ್ಯೂಟರ್ ಕೇಂದ್ರದವರು 3838 ಪೋರ್ಟ್ (ಶೈನಿ ಸರ್ವರ್ ಬಳಸುವ ನೆಟ್‌ವರ್ಕ್ ಬಾಗಿಲು) ತೆರೆಯಲು ಒಪ್ಪುತ್ತಿಲ್ಲ. ನಕ್ಷೆಯಲ್ಲಿ ಕನ್ನಡದ ಊರ ಹೆಸರುಗಳು ಚೌಕ ಚೌಕವಾಗಿ ಕಾಣುತ್ತವೆ. ಗೈಡ್ ‘ಕ್ಲೌಡ್ ತಗೊಂಡುಬಿಡೋಣ’ ಅನ್ನುತ್ತಿದ್ದಾರೆ. ಕ್ಲೌಡ್ ಬೇಕಾ? ಎಲ್ಲಿಂದ ಶುರು ಮಾಡಲಿ? ಕೋಡ್ ಜೊತೆಗೆ ಕಳಿಸಿದ್ದೇನೆ.

ಉತ್ತರ: ಕ್ಲೌಡ್ ಸದ್ಯಕ್ಕೆ ಬೇಡ. ಈಗಿರುವ ಕೋಡನ್ನೇ ಅಲ್ಲಿಗೆ ಹಾಕಿದರೆ ಅಲ್ಲೂ ಬೀಳುತ್ತದೆ, ಜೊತೆಗೆ ತಿಂಗಳ ಬಿಲ್ ಬರುತ್ತದೆ. ನಿಮ್ಮ 16 ಜಿಬಿ ಯಂತ್ರ ಈ ಕೆಲಸಕ್ಕೆ ಸಾಕು, ಇನ್ನೂ ಮಿಗುತ್ತದೆ. ತೊಂದರೆ ಇರುವುದು ಆ್ಯಪ್ ಒಳಗೆ. ಬಳಕೆದಾರ ಬಟನ್ ಒತ್ತಿದ ಮೇಲೆ ಮಾಡಬೇಕಾದ ಕೆಲಸ, ಅದಕ್ಕೆ ಎಷ್ಟೋ ಮೊದಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸ, ಎರಡನ್ನೂ ನೀವು ಒಂದೇ ಕಡೆ ಇಟ್ಟಿದ್ದೀರಿ. ಅದನ್ನು ಬೇರೆ ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು.

ನಿಮ್ಮ ಪ್ರಶ್ನೆಯಲ್ಲಿ ಒಂದು ಒಳ್ಳೆಯ ಸುಳಿವು ಇದೆ: ‘ಎಲ್ಲರ ಪರದೆಯೂ ಒಟ್ಟಿಗೆ’. ನೆಟ್‌ವರ್ಕ್ ಸಮಸ್ಯೆಯಾಗಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಕಡಿದುಹೋಗುತ್ತಿತ್ತು. ಉಚಿತವಾಗಿ ಸಿಗುವ ಶೈನಿ ಸರ್ವರ್ ಒಂದು ಆ್ಯಪ್‌ಗೆ ಒಂದೇ ಆರ್ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಎಬ್ಬಿಸುತ್ತದೆ. 20 ಜನ ಬಂದರೂ ಅದೇ ಒಂದು ಪ್ರೋಸೆಸ್. ಆರ್ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ. ಒಂದೇ ಕೌಂಟರ್ ಇರುವ ರೇಷನ್ ಅಂಗಡಿ ಅಂದುಕೊಳ್ಳಿ, ಮುಂದಿರುವವರದು ಮುಗಿಯುವ ತನಕ ಹಿಂದಿನವರೆಲ್ಲ ನಿಂತಿರಬೇಕು. ಯಂತ್ರದಲ್ಲಿ ಎಂಟು ಕೋರ್ ಇದ್ದರೂ ಏಳು ಕೋರ್ ಸುಮ್ನೆ ಕೂತಿರುತ್ತವೆ. ತರಗತಿಯಲ್ಲಿ ಮೊದಲು ‘ಏನೂ ಬರಲಿಲ್ಲ’ ಅಂದಿರಲ್ಲ, ಅದಕ್ಕೆ ಇದೇ ಕಾರಣ.

ಆಮೇಲೆ ಬಿದ್ದದ್ದು ಯಾಕೆ ಅನ್ನುವುದಕ್ಕೆ ಲೆಕ್ಕ ಹಾಕೋಣ. ಇಲಾಖೆಯ 0.25 ಡಿಗ್ರಿ ಗ್ರಿಡ್‌ನಲ್ಲಿ ಪೂರ್ವ-ಪಶ್ಚಿಮಕ್ಕೆ 135, ಉತ್ತರ-ದಕ್ಷಿಣಕ್ಕೆ 129 ಬಿಂದುಗಳಿವೆ. ಗುಣಿಸಿದರೆ 17,415. ನೀವು 1901ರಿಂದ 2023ರ ತನಕ, ಅಂದರೆ 123 ವರ್ಷದ ದಿನದಿನದ ಮಳೆ ಓದುತ್ತೀರಿ. ದಿನಗಳು ಸುಮಾರು 44,900. ಫೈಲಿನಲ್ಲಿ ಒಂದೊಂದು ಸಂಖ್ಯೆಗೆ 4 ಬೈಟ್, ಹಾಗಾಗಿ ಡಿಸ್ಕ್ ಮೇಲೆ ಎಲ್ಲ ಸೇರಿ 3 ಜಿಬಿ ಚಿಲ್ಲರೆ. ಆದರೆ ಆರ್ ದಶಮಾಂಶ ಸಂಖ್ಯೆಗಳನ್ನು ಮೆಮೊರಿಯಲ್ಲಿ 8 ಬೈಟ್ ಮಾಡಿ ಇಟ್ಟುಕೊಳ್ಳುತ್ತದೆ. 3 ಜಿಬಿ ಅಲ್ಲಿ 6 ಜಿಬಿ ದಾಟುತ್ತದೆ.

ಈ ಓದುವ ಸಾಲುಗಳನ್ನು ನೀವು ಸರ್ವರ್ ಫಂಕ್ಷನ್ ಒಳಗೆ ಬರೆದಿದ್ದೀರಿ. ಆ ಫಂಕ್ಷನ್ ಪ್ರತಿ ಬಳಕೆದಾರರಿಗೂ ಹೊಸದಾಗಿ ಓಡುತ್ತದೆ. ಮೊದಲ ವಿದ್ಯಾರ್ಥಿಗೆ 6 ಜಿಬಿ, ಎರಡನೆಯವರಿಗೆ ಇನ್ನೊಂದು 6 ಜಿಬಿ, ಮೂರನೆಯವರಿಗೆ ಜಾಗವೇ ಇಲ್ಲ. ಆಗ ಲಿನಕ್ಸ್ ಕರ್ನಲ್ (ಉಬುಂಟುವಿನ ತಿರುಳು) ತನ್ನನ್ನು ಉಳಿಸಿಕೊಳ್ಳಲು ಅತಿ ಜಾಸ್ತಿ ಮೆಮೊರಿ ತಿನ್ನುತ್ತಿರುವ ಪ್ರೋಸೆಸ್ಸನ್ನು ಕೊಲ್ಲುತ್ತದೆ. ಸತ್ತದ್ದು ಎಲ್ಲರಿಗೂ ಸೇರಿದ ಒಂದೇ ಆರ್ ಪ್ರೋಸೆಸ್. ಹಾಗಾಗಿ 20 ಪರದೆಗಳೂ ಒಂದೇ ಕ್ಷಣಕ್ಕೆ ಬೂದು.

ನನ್ನ ಮಾತನ್ನು ನಂಬಬೇಕಾಗಿಲ್ಲ, ಯಂತ್ರವನ್ನೇ ಕೇಳಿ. ‘ಜರ್ನಲ್‌ಸಿಟಿಎಲ್’ ಕಮಾಂಡಿಗೆ ‘-ಕೆ’ ಸೇರಿಸಿ ಓಡಿಸಿದರೆ ಕರ್ನಲ್ಲಿನ ಸಂದೇಶಗಳು ಮಾತ್ರ ಬರುತ್ತವೆ. ಅದು ಈಗಿನ ಬೂಟ್‌ನದು. ಆ ತರಗತಿಯ ನಂತರ ಯಂತ್ರ ರೀಬೂಟ್ ಆಗಿದ್ದರೆ ಹಿಂದಿನ ಬೂಟ್‌ನ ಲಾಗ್ ಕೇಳಬೇಕು. ಅದರಲ್ಲಿ ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್’ ಅಂತ ಶುರುವಾಗುವ ಸಾಲು, ಪಕ್ಕದಲ್ಲಿ ಆವರಣದೊಳಗೆ ‘ಆರ್’ ಅನ್ನುವ ಹೆಸರು, ಎಷ್ಟು ಮೆಮೊರಿ ಹಿಡಿದಿತ್ತು ಅನ್ನುವ ಲೆಕ್ಕ, ಎಲ್ಲ ಸಿಗಬೇಕು. ಶೈನಿಯ ಸ್ವಂತ ಲಾಗ್‌ಗಳು ‘ವಾರ್’ ಒಳಗಿನ ‘ಲಾಗ್’ ಫೋಲ್ಡರಿನಲ್ಲಿ ‘ಶೈನಿ-ಸರ್ವರ್’ ಹೆಸರಲ್ಲಿ ಇರುತ್ತವೆ. ಒಂದು ವಿಷಯ ಗೊತ್ತಿರಲಿ: ಆರ್ ಪ್ರೋಸೆಸ್ ಸರಿಯಾಗಿ ಮುಗಿದರೆ ಶೈನಿ ಸರ್ವರ್ ಆ ಲಾಗನ್ನು ತಾನೇ ಅಳಿಸಿಬಿಡುತ್ತದೆ. ‘ಲಾಗ್ ಫೋಲ್ಡರ್ ಖಾಲಿ ಇದೆ, ಏನೂ ಸಿಗುತ್ತಿಲ್ಲ’ ಅಂತ ಎಷ್ಟೋ ಜನ ಕೈಚೆಲ್ಲುವುದು ಇದರಿಂದಲೇ. ಕಾನ್ಫಿಗ್ ಫೈಲಿನಲ್ಲಿ ‘ಪ್ರಿಸರ್ವ್_ಲಾಗ್ಸ್ ಟ್ರೂ’ ಅಂತ ಸೇರಿಸಿ ಸರ್ವೀಸ್ ಮರುಚಾಲನೆ ಮಾಡಿ. ಸಮಸ್ಯೆ ಹುಡುಕುವ ದಿನಗಳಲ್ಲಿ ಇದು ಇರಲಿ, ಆಮೇಲೆ ತೆಗೆಯಿರಿ. ಇಲ್ಲದಿದ್ದರೆ ಲಾಗ್‌ಗಳೇ ಡಿಸ್ಕ್ ತುಂಬುತ್ತವೆ.

ಈಗ ರಿಪೇರಿ. ನಿಮಗೆ ಬೇಕಿರುವುದು ಕರ್ನಾಟಕ. ಅಕ್ಷಾಂಶ 11.5ರಿಂದ 18.5, ರೇಖಾಂಶ 74ರಿಂದ 78.5 ಅಂತ ಒಂದು ಆಯತ ಕತ್ತರಿಸಿದರೆ 29 ಗುಣಿಸು 19, ಬರೀ 551 ಬಿಂದುಗಳು. ಇಡೀ ದೇಶದ ಗ್ರಿಡ್‌ನಲ್ಲಿ ಇದು ಶೇಕಡಾ 3ರಷ್ಟು. ಅದೇ 123 ವರ್ಷ, ಅದೇ 8 ಬೈಟ್ ಲೆಕ್ಕದಲ್ಲಿ ಈಗ ಮೆಮೊರಿ 200 ಎಂಬಿಯ ಒಳಗೆ ಬಂತು. ಇದನ್ನು ಒಂದು ಸಲ, ಬೇರೆಯೇ ಸ್ಕ್ರಿಪ್ಟ್‌ನಲ್ಲಿ ಕತ್ತರಿಸಿ ಪಾರ್ಕೆ ಅಥವಾ ಆರ್‌ಡಿಎಸ್ (ಆರ್ ಸುಲಭವಾಗಿ ಓದುವ ರೂಪಗಳು) ಫೈಲ್ ಮಾಡಿಟ್ಟುಕೊಳ್ಳಿ. ಆ್ಯಪ್ ಆ ಫೈಲನ್ನು ಮಾತ್ರ ಓದಲಿ. ಓದುವ ಸಾಲು ಸರ್ವರ್ ಫಂಕ್ಷನ್ನಿನ ಹೊರಗೆ, ಫೈಲಿನ ಮೇಲ್ಭಾಗದಲ್ಲಿ ಇರಲಿ. ಆಗ ಪ್ರೋಸೆಸ್ ಏಳುವಾಗ ಒಂದು ಸಲ ಓದಿ, ಎಲ್ಲರೂ ಅದನ್ನೇ ಹಂಚಿಕೊಳ್ಳುತ್ತಾರೆ. 20 ಜನಕ್ಕೂ ಒಂದೇ 200 ಎಂಬಿ. ಒಂದು ಸಾಲನ್ನು ನಾಲ್ಕು ಇಂಚು ಮೇಲೆ ಸರಿಸಿದ್ದಕ್ಕೆ ಇಷ್ಟು ವ್ಯತ್ಯಾಸ.

ಕತ್ತರಿಸುವಾಗ ಒಂದು ಎಚ್ಚರಿಕೆ. ಬೈನರಿ ಫೈಲುಗಳಲ್ಲಿ ದತ್ತಾಂಶ ಇಲ್ಲದ ಚೌಕಗಳಿಗೆ -999 ಅಂತ ತುಂಬಿರುತ್ತಾರೆ. ನಿಮ್ಮ ಆಯತದಲ್ಲಿ ಮಂಗಳೂರು, ಕಾರವಾರದ ಪಕ್ಕದ ಸಮುದ್ರವೂ ಬರುತ್ತದೆ. ಅಲ್ಲಿನ -999 ಅನ್ನು ‘ಎನ್‌ಎ’ (ದತ್ತಾಂಶ ಇಲ್ಲ) ಮಾಡದೆ ಸರಾಸರಿ ತೆಗೆದರೆ ಕರಾವಳಿಯಲ್ಲಿ ಮೈನಸ್ ಮಳೆ ಬರುತ್ತದೆ! ನಗಬೇಡಿ, ಬೇರೆ ಬೇರೆ ರೂಪದಲ್ಲಿ ಇದನ್ನು ಅನೇಕ ಪ್ರಾಜೆಕ್ಟ್‌ಗಳಲ್ಲಿ ನೋಡಿದ್ದೇನೆ. ಪೂರ್ತಿ ಮೈನಸ್ ಬಂದರೆ ಕಣ್ಣಿಗೆ ಬೀಳುತ್ತದೆ. ಅರ್ಧಂಬರ್ಧ ಬೆರೆತು ಸರಾಸರಿ ಸ್ವಲ್ಪ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಬರ ಸೂಚ್ಯಂಕ. ಎಸ್‌ಪಿಐ (ಮಳೆ ವಾಡಿಕೆಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅನ್ನುವ ಸೂಚ್ಯಂಕ) ಅನ್ನು ನೀವು ಬಟನ್ ಒತ್ತಿದಾಗಲೆಲ್ಲ ಲೆಕ್ಕ ಹಾಕುತ್ತಿದ್ದೀರಿ. ಆ ಬಿಂದುವಿನ ಇಡೀ ಸರಣಿ ತೆಗೆದು, ತಿಂಗಳುವಾರು ಕೂಡಿಸಿ, ಗ್ಯಾಮಾ ವಿತರಣೆ ಹೊಂದಿಸಿ, ಆಮೇಲೆ ಗ್ರಾಫ್. ಆದರೆ 1972ರ ಜುಲೈ ತಿಂಗಳ ಮಳೆ ನಾಳೆ ಬದಲಾಗುವುದಿಲ್ಲ ಅಲ್ವಾ? ಹಾಗಿದ್ದ ಮೇಲೆ ಪ್ರತಿ ಕ್ಲಿಕ್ಕಿಗೂ ಯಾಕೆ ಲೆಕ್ಕ? 551 ಬಿಂದು, 123 ವರ್ಷ, 12 ತಿಂಗಳು, ಮತ್ತೆ ನೀವು ಕೊಟ್ಟಿರುವ 1, 3, 6, 12 ತಿಂಗಳ ನಾಲ್ಕು ಅಳತೆ, ಎಲ್ಲ ಗುಣಿಸಿದರೂ 32 ಲಕ್ಷ ಚಿಲ್ಲರೆ ಸಾಲು. ಈ ಕಾಲದ ಯಂತ್ರಕ್ಕೆ ಇದು ದೊಡ್ಡದೇ ಅಲ್ಲ. ರಾತ್ರಿ ಒಂದು ಸ್ಕ್ರಿಪ್ಟ್ ಓಡಿಸಿ ಎಲ್ಲವನ್ನೂ ಕೋಷ್ಟಕ ಮಾಡಿಟ್ಟುಬಿಡಿ. ಆ್ಯಪ್ ಮಾಡಬೇಕಾದ್ದು ಹುಡುಕಿ ತೋರಿಸುವುದಷ್ಟೇ. ಹೊಸ ದತ್ತಾಂಶ ಬಂದಾಗ ಆ ಸ್ಕ್ರಿಪ್ಟ್ ಮತ್ತೆ ಓಡಲಿ.

ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿಡಲು ಆಗುವುದಿಲ್ಲ, ನಿಜ. ವಿದ್ಯಾರ್ಥಿಗಳು ತಮ್ಮದೇ ಮಳೆಮಾಪಕದ ಫೈಲ್ ಹಾಕಿ ಟ್ರೆಂಡ್ ನೋಡುವ ಪುಟ ನಿಮ್ಮಲ್ಲಿದೆ. ಅಲ್ಲಿ ಎರಡು ಸಾಧನ ಬಳಸಿ. ಒಂದೇ ಉತ್ತರ ಮತ್ತೆ ಮತ್ತೆ ಬೇಕಾಗುವ ಕಡೆ ‘ಬೈಂಡ್‌ಕ್ಯಾಶ್’. ಇದು ಶೈನಿ 1.6ರಿಂದ ಇದೆ. ಒಬ್ಬರು ತೆಗೆದ ಗ್ರಾಫ್ ಇನ್ನೊಬ್ಬರಿಗೆ ಲೆಕ್ಕವಿಲ್ಲದೆ ಸಿಗುತ್ತದೆ. ಇಡೀ ತರಗತಿ ‘ಧಾರವಾಡ, 3 ತಿಂಗಳು’ ಅಂತ ಒಂದೇ ಆಯ್ಕೆ ಒತ್ತುವ ಕಡೆ ಇದು ತುಂಬಾ ಉಪಯೋಗ. ನಿಜಕ್ಕೂ ನಿಮಿಷಗಟ್ಟಲೆ ಹಿಡಿಯುವ ಲೆಕ್ಕಕ್ಕೆ ‘ಎಕ್ಸ್‌ಟೆಂಡೆಡ್‌ಟಾಸ್ಕ್’. ಇದು 2024ರಲ್ಲಿ ಶೈನಿ 1.8.1ರ ಜೊತೆ ಬಂತು. ಲೆಕ್ಕವನ್ನು ‘ಫ್ಯೂಚರ್’ ಪ್ಯಾಕೇಜ್ ಮೂಲಕ ಇನ್ನೊಂದು ಆರ್ ಪ್ರೋಸೆಸ್‌ಗೆ ಕಳಿಸಿ, ಮುಖ್ಯ ಪ್ರೋಸೆಸ್ ಉಳಿದವರನ್ನು ನೋಡಿಕೊಳ್ಳುತ್ತದೆ. ಸುಮ್ಮನಿದ್ದ ಆ ಏಳು ಕೋರ್‌ಗಳಿಗೆ ಈಗ ಕೆಲಸ ಸಿಕ್ಕಿತು. ಎಷ್ಟು ಪ್ರೋಸೆಸ್ ಅನ್ನುವುದಕ್ಕೆ ಮಿತಿ ಹಾಕಿ, ನಾಲ್ಕು ಸಾಕು.

ಇಷ್ಟು ಮಾಡಿದ ಮೇಲೂ ಸಾಲದಿದ್ದರೆ ಮಾತ್ರ ಶೈನಿಪ್ರಾಕ್ಸಿ ನೋಡಿ. ಅದು ಪ್ರತಿ ಬಳಕೆದಾರರಿಗೂ ಒಂದೊಂದು ಡಾಕರ್ ಕಂಟೇನರ್ (ಆ್ಯಪ್ ಪ್ರತ್ಯೇಕವಾಗಿ ಓಡುವ ಡಬ್ಬಿ) ಎಬ್ಬಿಸುತ್ತದೆ. ಒಬ್ಬರ ಲೆಕ್ಕ ಇನ್ನೊಬ್ಬರನ್ನು ಕಾಯಿಸುವುದಿಲ್ಲ. ಬೆಲೆ ಮೆಮೊರಿಯಲ್ಲಿ ತೆರಬೇಕು, ಯಾಕೆಂದರೆ ಇಲ್ಲಿ ಹಂಚಿಕೊಳ್ಳುವುದು ಇಲ್ಲ. ಹಳೆಯ ಕೋಡ್‌ಗೆ 20 ಜನ ಅಂದರೆ 120 ಜಿಬಿ ಬೇಕಿತ್ತು. ದತ್ತಾಂಶ ಕತ್ತರಿಸಿದ ಮೇಲೆ ಇದೇ 16 ಜಿಬಿಯಲ್ಲಿ ನಡೆದುಹೋಗುತ್ತದೆ. ಹಾಗಾಗಿ ಕ್ರಮ ಮುಖ್ಯ: ಮೊದಲು ಕತ್ತರಿ, ಆಮೇಲೆ ಕಂಟೇನರ್.

ಕೆಲವರು ಇನ್ನೊಂದು ಉಪಾಯ ಹೇಳುತ್ತಾರೆ. ಒಂದೇ ಆ್ಯಪ್‌ನ ನಾಲ್ಕು ಪ್ರತಿ ಓಡಿಸಿ, ಮುಂದೆ ಎಂಜಿನ್‌ಎಕ್ಸ್ (ಬಂದವರನ್ನು ಒಳಗಿನ ಆ್ಯಪ್‌ಗೆ ದಾಟಿಸುವ ವೆಬ್ ಸರ್ವರ್) ಇಟ್ಟು, ‘ಐಪಿ-ಹ್ಯಾಶ್’ ಮೂಲಕ ಹಂಚಿ ಅಂತ. ಕಾಲೇಜಿನಲ್ಲಿ ಇದು ಕೆಲಸ ಮಾಡುವುದಿಲ್ಲ. ಲ್ಯಾಬಿನ ಎಲ್ಲ ಯಂತ್ರಗಳೂ ಹೊರಗೆ ಬರುವುದು ಸಾಮಾನ್ಯವಾಗಿ ಒಂದೇ ಐಪಿ ವಿಳಾಸದಿಂದ. ಐಪಿ ನೋಡಿ ಹಂಚುವ ಎಂಜಿನ್‌ಎಕ್ಸ್ ಇಡೀ ತರಗತಿಯನ್ನು ಒಂದೇ ಪ್ರತಿಗೆ ತಳ್ಳುತ್ತದೆ, ಉಳಿದ ಮೂರು ಖಾಲಿ. ಹಂಚಲೇಬೇಕು ಅಂದರೆ ಕುಕಿ (ಪ್ರತಿ ಬ್ರೌಸರಿಗೆ ಕೊಡುವ ಗುರುತು) ನೋಡಿ ಹಂಚುವ ಎಚ್‌ಎಪ್ರಾಕ್ಸಿ ಬಳಸಿ.

ಪೋರ್ಟ್ ವಿಷಯದಲ್ಲಿ ನಾನು ಕಂಪ್ಯೂಟರ್ ಕೇಂದ್ರದವರ ಕಡೆ. 3838 ಅನ್ನು ಹೊರಗೆ ತೆರೆಯಬಾರದು. ಅದರಲ್ಲಿ ಹೋಗುವುದೆಲ್ಲ ಬಯಲಾಗಿ ಹೋಗುತ್ತದೆ, ಅಲ್ಲದೆ ಎಷ್ಟೋ ಆಫೀಸು, ಹಾಸ್ಟೆಲ್ ನೆಟ್‌ವರ್ಕ್‌ಗಳಲ್ಲಿ ಇಂಥ ಪೋರ್ಟ್‌ಗಳು ಮೊದಲೇ ಬಂದ್. ಅವರನ್ನು ಹೀಗೆ ಕೇಳಿ: ಸಂಸ್ಥೆಯ ‘ಎಸಿ ಡಾಟ್ ಇನ್’ ಹೆಸರಿನ ಕೆಳಗೆ ಒಂದು ಉಪಡೊಮೈನ್ ಬೇಕು, ಮತ್ತು 80, 443 ಪೋರ್ಟ್ ಮಾತ್ರ ಬೇಕು. ಪತ್ರದಲ್ಲಿ ಯಂತ್ರದ ಜವಾಬ್ದಾರಿ ಯಾರದು ಅಂತ ಗೈಡ್ ಹೆಸರಿನಲ್ಲೇ ಬರೆಯಿರಿ. ವಿದ್ಯಾರ್ಥಿ ಹೆಸರಿದ್ದರೆ ಕಡತ ಮುಂದೆ ಹೋಗುವುದು ಕಷ್ಟ, ಯಾಕೆ ಅಂತ ಅವರಿಗೂ ಗೊತ್ತು, ನಿಮಗೂ ಗೊತ್ತು.

ಯಂತ್ರದ ಒಳಗೆ ಶೈನಿ ಸರ್ವರ್ ಕಾನ್ಫಿಗ್‌ನಲ್ಲಿ ‘ಲಿಸನ್ 3838’ ಅಂತ ಇರುವ ಸಾಲಿಗೆ 127.0.0.1 ಸೇರಿಸಿ. ಆಗ ಅದು ಆ ಯಂತ್ರದ ಒಳಗಿನಿಂದ ಬಂದ ಕರೆಗೆ ಮಾತ್ರ ಓಗೊಡುತ್ತದೆ. ಹೊರಗಿನವರನ್ನು ಎಂಜಿನ್‌ಎಕ್ಸ್ 443ರಲ್ಲಿ ಬರಮಾಡಿಕೊಂಡು ಒಳಗೆ ಕಳಿಸಲಿ. ಇಲ್ಲಿ ಎಡವುವ ಜಾಗ ಮೂರು. ಶೈನಿ ಮಾತಾಡುವುದು ವೆಬ್‌ಸಾಕೆಟ್ (ಬ್ರೌಸರ್, ಸರ್ವರ್ ನಡುವೆ ಸದಾ ತೆರೆದಿರುವ ಸಂಪರ್ಕ) ಮೇಲೆ. ಎಂಜಿನ್‌ಎಕ್ಸ್‌ಗೆ ಎಚ್‌ಟಿಟಿಪಿ 1.1 ಬಳಸು, ‘ಅಪ್‌ಗ್ರೇಡ್’ ಮತ್ತು ‘ಕನೆಕ್ಷನ್’ ಹೆಡರ್‌ಗಳನ್ನು ಒಳಗೆ ದಾಟಿಸು ಅಂತ ಹೇಳದಿದ್ದರೆ ಶೈನಿ ಸರ್ವರ್ ಬೇರೆ ನಿಧಾನದ ದಾರಿ ಹಿಡಿಯುತ್ತದೆ. ಪುಟ ತೆರೆಯುತ್ತದೆ, ಹಾಗಾಗಿ ಸರಿಯಾಯಿತು ಅಂದುಕೊಳ್ಳುತ್ತೀರಿ, ಆದರೆ ಜಗ್ಗುತ್ತಾ ಇರುತ್ತದೆ. ಎರಡನೆಯದು ಫೈಲ್ ಗಾತ್ರ. ಎಂಜಿನ್‌ಎಕ್ಸ್ ತಾನಾಗಿ 1 ಎಂಬಿಗಿಂತ ದೊಡ್ಡ ಅಪ್‌ಲೋಡ್ ಬಿಡುವುದಿಲ್ಲ, 413 ಅನ್ನುವ ದೋಷ ಕೊಡುತ್ತದೆ. ಶೈನಿಯ ಮಿತಿ 5 ಎಂಬಿ. ಎರಡು ಕಡೆಯೂ ಏರಿಸಬೇಕು. ಒಂದು ಕಡೆ ಏರಿಸಿ ‘ಬದಲಾಯಿಸಿದೆ, ಆದ್ರೂ ಆಗ್ತಿಲ್ಲ’ ಅನ್ನುವವರೇ ಜಾಸ್ತಿ. ಮೂರನೆಯದು ವಿಳಾಸದ ಕೊನೆಯ ಓರೆ ಗೆರೆ. ಆ್ಯಪ್ ಅನ್ನು ‘ಮಳೆ’ ಅನ್ನುವ ಉಪದಾರಿಯಲ್ಲಿ ಇಟ್ಟರೆ, ಗೆರೆ ಇಲ್ಲದ ವಿಳಾಸವನ್ನು ಗೆರೆ ಇರುವುದಕ್ಕೆ ತಿರುಗಿಸಿ. ಇಲ್ಲದಿದ್ದರೆ ಪುಟದ ಅಕ್ಷರ ಬರುತ್ತದೆ, ಬಣ್ಣ, ಬಟನ್ ಯಾವುದೂ ಬರುವುದಿಲ್ಲ.

ಎಚ್‌ಟಿಟಿಪಿಎಸ್ ಪ್ರಮಾಣಪತ್ರಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಸಾಕು, ಉಚಿತ. ಸಾಮಾನ್ಯವಾಗಿ 90 ದಿನಕ್ಕೆ ಕೊಡುತ್ತಾರೆ. ‘ಸರ್ಟ್‌ಬಾಟ್’ ಅನ್ನುವ ಪ್ರೋಗ್ರಾಂ ತಾನೇ ನವೀಕರಿಸುತ್ತದೆ. ಆದರೆ ಸಾಮಾನ್ಯ ವಿಧಾನದಲ್ಲಿ 80 ಪೋರ್ಟ್ ಹೊರಗಿನಿಂದ ಸಿಗಬೇಕು. ಯಂತ್ರ ಕ್ಯಾಂಪಸ್ ಒಳಗೆ ಮಾತ್ರ ಕಾಣುವಂತಿದ್ದರೆ ಡಿಎನ್‌ಎಸ್ (ವೆಬ್ ಹೆಸರುಗಳ ನೋಂದಣಿ) ದಾಖಲೆ ಮೂಲಕ ಮಾಡಬೇಕಾಗುತ್ತದೆ. ಅಥವಾ ಸಂಸ್ಥೆಯ ಬಳಿಯೇ ಎಲ್ಲ ಉಪಡೊಮೈನ್‌ಗಳಿಗೂ ಹೊಂದುವ ಪ್ರಮಾಣಪತ್ರ ಇರಬಹುದು, ಕೇಳಿ ನೋಡಿ.

ಕನ್ನಡ ಅಕ್ಷರದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಇದನ್ನು ಬೇರೆ ಯಾರೂ ವಿವರವಾಗಿ ಹೇಳುವುದಿಲ್ಲ. ಇಲ್ಲಿ ನೋಡಿದರೆ ಒಂದೇ ಅನ್ನಿಸುವ ಮೂರು ಬೇರೆ ಬೇರೆ ತೊಂದರೆಗಳಿವೆ. ಚೌಕ ಚೌಕ ಕಂಡರೆ ಫಾಂಟ್ ಇಲ್ಲ ಅಂತ ಅರ್ಥ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕನ್ನಡ ಫಾಂಟ್ ಇದೆ. ಪರದೆಯೇ ಇಲ್ಲದ ಸರ್ವರ್ ಉಬುಂಟುವಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ‘ಫಾಂಟ್ಸ್-ಕೆಎನ್‌ಡಿಎ’ ಅನ್ನುವ ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು ಮುಂತಾದ ಕನ್ನಡ ಫಾಂಟ್‌ಗಳು ಬರುತ್ತವೆ. ಹಾಕಿದ ಮೇಲೆ ಶೈನಿ ಸರ್ವರ್ ಮರುಚಾಲನೆ ಮಾಡಿ, ಮೊದಲೇ ಎದ್ದಿರುವ ಆರ್ ಪ್ರೋಸೆಸ್‌ಗೆ ಹೊಸ ಫಾಂಟ್ ಗೊತ್ತಾಗಿರುವುದಿಲ್ಲ.

ಫಾಂಟ್ ಬಂದ ಮೇಲೆ ಕೆಲವೊಮ್ಮೆ ಎರಡನೆಯ ತೊಂದರೆ ಕಾಣುತ್ತದೆ. ‘ಚಿಕ್ಕಬಳ್ಳಾಪುರ’ ಇರಬೇಕಾದ ಕಡೆ ‘ಚಿಕ್‌ಕಬಳ್‌ಳಾಪುರ’ ಅಂತ ಒತ್ತಕ್ಷರ ಒಡೆದು ಕಾಣುತ್ತದೆ. ಇದು ಫಾಂಟಿನ ತಪ್ಪಲ್ಲ. ಚಿತ್ರ ಬರೆಯುವ ಸಾಧನಕ್ಕೆ ಅಕ್ಷರ ಜೋಡಿಸಲು ಬರುವುದಿಲ್ಲ. ಆರ್‌ನಲ್ಲಿ ‘ರ‍್ಯಾಗ್’ ಪ್ಯಾಕೇಜ್ ಹಾಕಿ, ಇದ್ದರೆ ಶೈನಿ ತಾನಾಗಿ ಅದನ್ನೇ ಬಳಸುತ್ತದೆ. ಒತ್ತಕ್ಷರ ಸರಿಯಾಗುತ್ತದೆ. ಅಂದಹಾಗೆ ಲೀಫ್‌ಲೆಟ್ ಅಥವಾ ಪ್ಲಾಟ್ಲಿಯಲ್ಲಿ ನಕ್ಷೆ ತೋರಿಸಿದರೆ ಅಕ್ಷರ ಬರೆಯುವುದು ನೋಡುವವರ ಬ್ರೌಸರ್. ಸರ್ವರಿನ ಫಾಂಟ್ ಪ್ರಶ್ನೆಯೇ ಬರುವುದಿಲ್ಲ. ನಿಮ್ಮ ನಕ್ಷೆ ಹೇಗೂ ಹಿಗ್ಗಿಸಿ ಕುಗ್ಗಿಸಿ ನೋಡುವಂಥದ್ದು, ಲೀಫ್‌ಲೆಟ್‌ಗೆ ಬದಲಿಸುವುದೇ ಒಳ್ಳೆಯದು.

ಮೂರನೆಯದು, ‘ಕ’ ಇರಬೇಕಾದ ಜಾಗದಲ್ಲಿ ‘ಯು+0ಸಿ95’ ಅನ್ನುವಂಥ ಸಂಕೇತ. ಇದು ಲೊಕೇಲ್ (ಯಂತ್ರದ ಭಾಷೆ, ಅಕ್ಷರಗಳ ಸೆಟ್ಟಿಂಗ್) ತೊಂದರೆ. ಸರ್ವರಿನ ಲೊಕೇಲ್ ಯುಟಿಎಫ್-8 (ಎಲ್ಲ ಲಿಪಿಗಳಿಗೂ ಹೊಂದುವ ಅಕ್ಷರ ಸಂಕೇತ) ಆಗಿರಬೇಕು. ಉತ್ಸಾಹದಲ್ಲಿ ಕನ್ನಡ ಲೊಕೇಲ್ ಹಾಕಲು ಹೋಗಬೇಡಿ. ತಿಂಗಳ ಹೆಸರುಗಳೂ ಕನ್ನಡವಾಗುತ್ತವೆ. ನಿಮ್ಮ ಫೈಲಿನಲ್ಲಿ ‘ಜೂನ್’ ಇಂಗ್ಲಿಷ್‌ನಲ್ಲಿ ಇದ್ದರೆ ಆರ್‌ಗೆ ಆ ದಿನಾಂಕವೇ ಅರ್ಥವಾಗುವುದಿಲ್ಲ. ಇಂಗ್ಲಿಷ್-ಇಂಡಿಯಾ ಯುಟಿಎಫ್-8 ಇಟ್ಟುಕೊಳ್ಳಿ, ಕನ್ನಡ ಪಠ್ಯಕ್ಕೆ ಅಷ್ಟೇ ಸಾಕು.

ಮಳೆ ದತ್ತಾಂಶದವರಿಗೆ ಗಡಿಯಾರವೂ ಮುಖ್ಯ. ಹವಾಮಾನ ಇಲಾಖೆಯ ಒಂದು ದಿನದ ಮಳೆ ಅಂದರೆ ಆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯ ಮಳೆ. ಸರ್ವರ್ ಯಂತ್ರಗಳು ಹೆಚ್ಚಾಗಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಗಡಿಯಾರದಲ್ಲಿರುತ್ತವೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಆ ಯಂತ್ರದಲ್ಲಿ ‘ಇವತ್ತು’ ಅಂತ ಕೇಳಿದರೆ ನಮ್ಮ ಬೆಳಗಿನ 5.30ರ ತನಕ ನಿನ್ನೆಯ ದಿನಾಂಕ ಕೊಡುತ್ತದೆ. ಬೆಳಿಗ್ಗೆ 6ಕ್ಕೆ ಅಂತ ಇಟ್ಟ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ) ಕೆಲಸ ನಮ್ಮ 11.30ಕ್ಕೆ ಓಡುತ್ತದೆ. ‘ಟೈಮ್‌ಡೇಟ್‌ಸಿಟಿಎಲ್’ ಬಳಸಿ ಏಷ್ಯಾ/ಕೋಲ್ಕತ್ತಾ ಮಾಡಿಬಿಡಿ. ಡಾಕರ್ ಬಳಸಿದರೆ ಕಂಟೇನರ್ ಒಳಗೂ ಬೇರೆಯಾಗಿ ಹೇಳಬೇಕು.

ಗಡಿಯಾರದಷ್ಟೇ ಮುಖ್ಯವಾದ ಇನ್ನೊಂದು ಮಾತು, ಇದು ಸರ್ವರಿಗೆ ಸಂಬಂಧಪಟ್ಟಿದ್ದಲ್ಲ. 0.25 ಡಿಗ್ರಿ ಅಂದರೆ ಸುಮಾರು 27 ಕಿಲೋಮೀಟರ್ ಅಗಲದ ಚೌಕ. ಆಗುಂಬೆಯೂ ಘಟ್ಟದ ಕೆಳಗಿನ ಹೆಬ್ರಿಯೂ ಒಂದೇ ಚೌಕಕ್ಕೆ ಬೀಳುತ್ತವೆ. ನಿಮ್ಮ ಆ್ಯಪ್ ಎರಡೂ ಊರಿಗೆ ಒಂದೇ ಮಳೆ ತೋರಿಸುತ್ತದೆ. ಲ್ಯಾಬಿನಲ್ಲಿ ಇದು ಎಲ್ಲರಿಗೂ ಗೊತ್ತು. ಸಾರ್ವಜನಿಕ ವಿಳಾಸ ಕೊಟ್ಟ ಮೇಲೆ ರೈತರೂ ಪತ್ರಕರ್ತರೂ ನೋಡುತ್ತಾರೆ. ಊರಿನ ಹೆಸರಿನ ಬದಲು ಚೌಕವನ್ನೇ ನಕ್ಷೆ ಮೇಲೆ ಬರೆದು ತೋರಿಸಿ.

ಯಂತ್ರ ವಿಭಾಗದಲ್ಲೇ ಇರುವುದರಿಂದ ಕರೆಂಟ್ ಬಗ್ಗೆ ಯೋಚಿಸಲೇಬೇಕು. ಶನಿವಾರ ಸಂಜೆ ಹೋಗಿ ಯುಪಿಎಸ್ ಖಾಲಿಯಾದರೆ ಸೋಮವಾರ ಯಾರಾದರೂ ಬಟನ್ ಒತ್ತುವ ತನಕ ಆ್ಯಪ್ ಇಲ್ಲ. ಬಯೋಸ್‌ನಲ್ಲಿ (ಯಂತ್ರ ಆನ್ ಆದ ತಕ್ಷಣ ಸಿಗುವ ಸೆಟ್ಟಿಂಗ್) ಕರೆಂಟ್ ಬಂದಾಗ ತಾನಾಗಿ ಆನ್ ಆಗುವ ಆಯ್ಕೆ ಇರುತ್ತದೆ, ಅದನ್ನು ಹಾಕಿ. ಶೈನಿ ಸರ್ವರ್, ಎಂಜಿನ್‌ಎಕ್ಸ್ ಎರಡೂ ಸಿಸ್ಟಮ್‌ಡಿಯಲ್ಲಿ (ಸರ್ವೀಸ್‌ಗಳನ್ನು ಎಬ್ಬಿಸುವ ವ್ಯವಸ್ಥೆ) ‘ಎನೇಬಲ್’ ಆಗಿವೆಯಾ ನೋಡಿ. ‘ಸ್ಟಾರ್ಟ್’ ಮಾಡಿದರೆ ಈಗ ಓಡುತ್ತದೆ, ‘ಎನೇಬಲ್’ ಮಾಡಿದರೆ ಮಾತ್ರ ರೀಬೂಟ್ ಆದ ಮೇಲೂ ಏಳುತ್ತದೆ. ದತ್ತಾಂಶ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇದ್ದರೆ ‘ಎಫ್‌ಎಸ್‌ಟ್ಯಾಬ್’ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ) ಫೈಲಿನ ಸಾಲಿಗೆ ‘ನೋಫೇಲ್’ ಸೇರಿಸಿ. ಇಲ್ಲದಿದ್ದರೆ ಯಾರೋ ಆ ಡಿಸ್ಕಿನ ಕೇಬಲ್ ಕಿತ್ತ ದಿನ ಯಂತ್ರ ಬೂಟ್ ಆಗದೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಲ್ಲುತ್ತದೆ. ಎಲ್ಲ ಹಾಕಿದ ಮೇಲೆ ಪರೀಕ್ಷೆ ಮಾಡುವ ವಿಧಾನ ಒಂದೇ: ಬೇರೆಯವರು ಬಳಸದ ಹೊತ್ತು ನೋಡಿ ಯಂತ್ರವನ್ನು ರೀಬೂಟ್ ಮಾಡಿ, ಏನನ್ನೂ ಮುಟ್ಟದೆ, ಮೊಬೈಲ್ ಡೇಟಾದಿಂದ ವಿಳಾಸ ತೆರೆದು ನೋಡಿ.

ಭದ್ರತೆಗೆ ಸಾಮಾನ್ಯ ಕ್ರಮಗಳು ಸಾಕು. ಎಸ್‌ಎಸ್‌ಎಚ್‌ಗೆ (ದೂರದಿಂದ ಲಾಗಿನ್ ಆಗುವ ದಾರಿ) ಕೀ ಮಾತ್ರ, ಪಾಸ್‌ವರ್ಡ್ ಬಂದ್. ಭದ್ರತಾ ಅಪ್‌ಡೇಟ್‌ಗಳು ತಾನಾಗಿ ಬರಲಿ. ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ 22, 80, 443 ಬಿಟ್ಟು ಎಲ್ಲ ಮುಚ್ಚಿ. ಡಾಕರ್ ಬಳಸಿದರೆ ಒಂದು ಬಲೆ ಇದೆ. ಡಾಕರ್ ಹೊರಗೆ ತೆರೆದ ಪೋರ್ಟ್ ಯುಎಫ್‌ಡಬ್ಲ್ಯು ನಿಯಮವನ್ನು ದಾಟಿಕೊಂಡು ಹೋಗುತ್ತದೆ. ಫೈರ್‌ವಾಲ್ ‘ಮುಚ್ಚಿದೆ’ ಅನ್ನುತ್ತಿರುತ್ತದೆ, ಡೇಟಾಬೇಸ್ ಊರಿಗೆಲ್ಲ ತೆರೆದಿರುತ್ತದೆ. ಅಲ್ಲೂ ಪೋರ್ಟಿನ ಮುಂದೆ 127.0.0.1 ಬರೆಯಿರಿ.

ಪ್ಯಾಕೇಜ್‌ಗಳ ಬಗ್ಗೆ: ನಿಮ್ಮ ಹೆಸರಿನಲ್ಲಿ ಲಾಗಿನ್ ಆಗಿ ಹಾಕಿದ ಪ್ಯಾಕೇಜ್ ನಿಮ್ಮ ಹೋಮ್ ಫೋಲ್ಡರಿಗೆ ಹೋಗಿರಬಹುದು. ಶೈನಿ ಓಡುವುದು ‘ಶೈನಿ’ ಅನ್ನುವ ಬೇರೆ ಬಳಕೆದಾರನಾಗಿ, ಅವನಿಗೆ ಅದು ಕಾಣುವುದಿಲ್ಲ. ರೂಟ್ ಆಗಿ, ಎಲ್ಲರಿಗೂ ಸಿಗುವಂತೆ ಹಾಕಿ. ‘ಎಸ್‌ಎಫ್’, ‘ಟೆರಾ’ ಅನ್ನುವ ನಕ್ಷೆ ಪ್ಯಾಕೇಜ್‌ಗಳು ಕಂಪೈಲ್ ಆಗದೆ ಒದ್ದಾಡಿದರೆ ಜಿಡಾಲ್, ಜಿಯೋಸ್, ಪ್ರೋಜ್, ಯುಡಿಯುನಿಟ್ಸ್‌ಗಳ ‘ಡೆವ್’ ಪ್ಯಾಕೇಜ್‌ಗಳು ಬೇಕು. ಶೈನಿ ತಯಾರಿಸುವ ಪಾಸಿಟ್‌ನವರ ಸಾರ್ವಜನಿಕ ಪ್ಯಾಕೇಜ್ ಮ್ಯಾನೇಜರ್‌ನಲ್ಲಿ ಉಬುಂಟುಗೆ ಕಂಪೈಲ್ ಮಾಡಿಟ್ಟದ್ದೇ ಸಿಗುತ್ತದೆ, ಗಂಟೆಗಟ್ಟಲೆ ಕಾಯುವುದು ತಪ್ಪುತ್ತದೆ. ಯಾವ ಪ್ಯಾಕೇಜ್, ಯಾವ ಆವೃತ್ತಿ ಅನ್ನುವುದನ್ನು ‘ಆರ್‌ಎನ್ವ್’ ಮೂಲಕ ಫೈಲಿನಲ್ಲಿ ಬರೆಸಿಡಿ. ನಿಮ್ಮ ಪ್ರಬಂಧದ ಪರೀಕ್ಷಕರು ಎರಡು ವರ್ಷದ ನಂತರ ಓಡಿಸಿ ನೋಡಿದರೆ ಇದೇ ಕಾಪಾಡುವುದು. ಕೋಡನ್ನು ಜೆನೊಡೊದಲ್ಲಿ (ಸಂಶೋಧನಾ ದತ್ತಾಂಶದ ಸಂಗ್ರಹ ತಾಣ) ಇಟ್ಟರೆ ಡಿಒಐ (ಬದಲಾಗದ ಗುರುತು ಸಂಖ್ಯೆ) ಸಿಗುತ್ತದೆ. ಲೇಖನದಲ್ಲಿ ಸರ್ವರ್ ವಿಳಾಸದ ಜೊತೆ ಅದನ್ನೂ ಕೊಡಿ. ಇಲಾಖೆಯ ಮೂಲ ದತ್ತಾಂಶವನ್ನು ಡೌನ್‌ಲೋಡ್‌ಗೆ ಇಡುವ ಮೊದಲು ಅವರ ನಿಯಮ ಓದಿ.

ಕೆಲಸದ ಕ್ರಮ ಹೇಳುವುದಾದರೆ, ಈ ವಾರ ದತ್ತಾಂಶ ಕತ್ತರಿಸಿ ಓದುವ ಸಾಲನ್ನು ಹೊರಗೆ ತನ್ನಿ. ಬೇರೆ ಯಾವುದನ್ನೂ ಮುಟ್ಟಬೇಡಿ. ಆಮೇಲೆ ‘ಶೈನಿಲೋಡ್‌ಟೆಸ್ಟ್’ ಪ್ಯಾಕೇಜ್ ಹಾಕಿಕೊಳ್ಳಿ. ಒಬ್ಬ ವಿದ್ಯಾರ್ಥಿ ಒತ್ತುವಂತೆ ನೀವೇ ಒಂದು ಸಲ ಒತ್ತುತ್ತಾ ಹೋದರೆ ಅದು ರೆಕಾರ್ಡ್ ಮಾಡಿಕೊಳ್ಳುತ್ತದೆ. ಆಮೇಲೆ ಅದರ ಜೊತೆಗಿನ ‘ಶೈನಿಕ್ಯಾನನ್’ ಅದನ್ನೇ 20 ಜನ ಒಟ್ಟಿಗೆ ಒತ್ತಿದಂತೆ ನುಡಿಸುತ್ತದೆ. ಪಕ್ಕದಲ್ಲಿ ‘ಎಚ್‌ಟಾಪ್’ (ಮೆಮೊರಿ, ಕೋರ್ ಬಳಕೆ ತೋರಿಸುವ ಪ್ರೋಗ್ರಾಂ) ತೆರೆದಿಟ್ಟು ಮೆಮೊರಿ ಪಟ್ಟಿ ಎಲ್ಲಿಗೆ ಹೋಗುತ್ತದೆ ನೋಡಿ. 20 ಜನಕ್ಕೆ ತಡೆದರೆ 40 ಕೊಟ್ಟು ನೋಡಿ. ಎಲ್ಲಿ ನಿಲ್ಲುತ್ತದೆ ಅನ್ನುವುದು ಗೊತ್ತಾದ ಮೇಲೆ ಗೈಡ್ ಹತ್ತಿರ ಕ್ಲೌಡ್ ಮಾತು ಎತ್ತಬಹುದು.